ಅಮ್ಮ ಗೋಡೆ ಸ್ವಿಚ್ ಆರಿಸುವ ಮನೆಯಲ್ಲಿ ಮೂರು ಗೇಮ್ ಕನ್ಸೋಲ್

ಡಿಸೆಂಬರ್ ಮೊದಲ ವಾರ ಸೋನಿಯ ಪ್ಲೇಸ್ಟೇಷನ್ 5, ಅಂದರೆ ಪಿಎಸ್5 ಸ್ಲಿಮ್, ಮನೆಗೆ ಬಂತು. ‘ಈ ಸಲ ಬೋನಸ್ ಬರಲಿ’ ಅಂತ ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೆ. ಅದೇ ವಾರ ಆಫೀಸಿನ ಹುಡುಗನೊಬ್ಬ, ಧನುರ್ಮಾಸ ಶುರುವಾಗೋದರೊಳಗೆ ತಂಗಿ ಮದುವೆ ಮುಗಿಸಬೇಕೆಂದು ಹುಬ್ಬಳ್ಳಿಗೆ ಹೊರಟಿದ್ದ. ‘ಸರ್, ರೂಮಲ್ಲಿ ಬಿಟ್ಟು ಹೋಗೋಕೆ ಧೈರ್ಯ ಇಲ್ಲ, ನಿಮ್ಮನೇಲಿ ಇರ್ಲಿ. ಆಡ್ಕೊಳ್ಳಿ’ ಎಂದು ಬೆನ್ನಿನ ಬ್ಯಾಗಿನಿಂದ ತನ್ನ ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತೆಗೆದು ಟೇಬಲ್ ಮೇಲಿಟ್ಟ. ಆಮೇಲೆ ಸಿಂಗಪುರದಿಂದ ಅಕ್ಕ ರಜೆಗೆ ಬಂದಳು. ಅವಳ ಹದಿನಾಲ್ಕರ ಮಗನ ಕೈಯಲ್ಲಿ ನಿಂಟೆಂಡೊ ಸ್ವಿಚ್, ಓಲೆಡ್ ಪರದೆಯ ಮಾದರಿಯದು; ಕೈಯಲ್ಲಿ ಹಿಡಿದೂ ಆಡಬಹುದು, ಟಿವಿಗೂ ಹಾಕಬಹುದು. ಮೈಸೂರಿನ ನಮ್ಮ ಹಾಲಿನಲ್ಲಿ ಹೀಗೆ ಒಂದು ಟಿವಿಗೆ ಮೂರು ಕಂಪನಿಯ ಮೂರು ಡಬ್ಬಿ ಸೇರಿದವು.

ನಾನು ದೊಡ್ಡ ಆಟಗಾರನೇನಲ್ಲ. ತೊಂಬತ್ತರ ದಶಕದಲ್ಲಿ ಟಿವಿ ಗೇಮ್ ಆಡಿ ಬೆಳೆದವನು. ಹಳದಿ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು, ಒಳಗೆ ನಿಜಕ್ಕೂ ಹತ್ತೋ ಹನ್ನೆರಡೋ ಆಟ. ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆದು ಊದಿ ಮತ್ತೆ ಸಿಕ್ಕಿಸಬೇಕು. ಅದೆಲ್ಲ 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಎಂದು ಗೊತ್ತಾಗುವ ಹೊತ್ತಿಗೆ ಡಿಗ್ರಿ ಮುಗಿದಿತ್ತು. ಈಗ ಮಗಳು ಮಲಗಿ, ಅಡುಗೆಮನೆ ಒರೆಸಿ ಆದ ಮೇಲೆ ರಾತ್ರಿ ಹತ್ತಕ್ಕೆ ನನಗೆ ಸಿಗುವುದು ನಲವತ್ತು ನಿಮಿಷ. ಯಂತ್ರದ ಶಕ್ತಿ ಅಳೆಯುವ ಟೆರಾಫ್ಲಾಪ್ ಲೆಕ್ಕ ಬೇಕಾದವರು ಬೇರೆ ಕಡೆ ನೋಡಿಕೊಳ್ಳಲಿ. ಆ ನಲವತ್ತು ನಿಮಿಷದಲ್ಲಿ ನಾನು ಆಡುವುದೆಷ್ಟು, ಕಾಯುವುದೆಷ್ಟು ಎಂಬುದೇ ಇಲ್ಲಿನ ಲೆಕ್ಕ.

ಮೊದಲು ದುಡ್ಡು. ಡಿಸ್ಕ್ ಹಾಕುವ ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಬೆಲೆ 54,990 ರೂಪಾಯಿ; ಡಿಸ್ಕ್ ಇಲ್ಲದ್ದು ಹತ್ತು ಸಾವಿರ ಕಡಿಮೆ. ನನಗೆ ಆಫರ್‌ನಲ್ಲಿ ಐದು ಸಾವಿರ ಇಳಿಯಿತು. ಸೀರೀಸ್ ಎಸ್ 2020ರ ನವೆಂಬರ್‌ನಲ್ಲಿ ಬಂದಾಗ 34,990. ಸ್ವಿಚ್ ಅನ್ನು ನಿಂಟೆಂಡೊ ಇಲ್ಲಿ ಅಧಿಕೃತವಾಗಿ ಮಾರುವುದೇ ಇಲ್ಲ. ಹೊರದೇಶದಿಂದ ಬರುವವರ ಕೈಯಲ್ಲಿ ತರಿಸಬೇಕು, ಇಲ್ಲವೇ ಆಮದು ಮಾಲು ಇಡುವ ಅಂಗಡಿಯವರು ಹೇಳಿದ ರೇಟಿಗೆ ಕೊಳ್ಳಬೇಕು. ವಾರಂಟಿ ಅಂಗಡಿಯವರ ಬಾಯಿಮಾತು.

ಡಬ್ಬಿ ಒಡೆದ ದಿನದ ಮೊದಲ ಪೇಚು ಜಾಗದ್ದು. ಹೆಸರಿಗೆ ಸ್ಲಿಮ್, ಉದ್ದ ಮಾತ್ರ ಮುವ್ವತ್ತಾರು ಸೆಂಟಿಮೀಟರಿಗೆ ಚೂರು ಕಡಿಮೆ. ನಮ್ಮ ಶೋಕೇಸಿನ ಯಾವ ಖಾನೆಗೂ ನಿಲ್ಲಿಸಿದರೆ ಹೋಗಲಿಲ್ಲ. ನಿಲ್ಲಿಸುವ ಸ್ಟ್ಯಾಂಡ್ ಬೇರೆ ಕೊಳ್ಳಬೇಕು. ಮಲಗಿಸಲು ಉಗುರಿನಷ್ಟು ದೊಡ್ಡ ಎರಡು ಪ್ಲಾಸ್ಟಿಕ್ ಕಾಲು ಕೊಟ್ಟಿದ್ದಾರೆ. ಚನ್ನಪಟ್ಟಣದ ಬೊಂಬೆಗಳನ್ನು ಮೇಲಿನ ಖಾನೆಗೆ ಸಾಗಿಸಿ, ಮಗಳ ಓಟದ ಕಪ್ಪನ್ನು ಫ್ರಿಜ್ ಮೇಲಿಟ್ಟು, ಅಂತೂ ಮಲಗಿಸಿದ್ದಾಯಿತು. ಮೇಲ್ಭಾಗದ ಅರ್ಧ ಹೊಳಪಿನದು, ಕೈ ಇಟ್ಟರೆ ಬೆರಳಚ್ಚು. ಸೀರೀಸ್ ಎಸ್ ಎರಡು ಕೆಜಿಗೂ ಕಡಿಮೆ, ಮೈಸೂರು ಪಾಕಿನ ಒಂದು ಕೆಜಿ ಡಬ್ಬಿಗಿಂತ ಕೊಂಚ ದೊಡ್ಡದು. ಮೈಮೇಲಿನ ಕಪ್ಪು ದುಂಡು ಜಾಲರಿ ನೋಡಿ ಅಮ್ಮ, ‘ಸ್ಪೀಕರ್ ಒಂದೇ ತಂದಿದ್ದೀಯಲ್ಲೋ, ಜೋಡಿ ಎಲ್ಲಿ?’ ಎಂದಳು. ಎರಡಕ್ಕೂ ಕರೆಂಟಿಗೆ ಹಾಕುವುದು ಹಳೇ ಟೇಪ್ ರೆಕಾರ್ಡರಿನ ಎಂಟರ ಆಕಾರದ ವೈರೇ. ಐವತ್ತು ಸಾವಿರದ ಯಂತ್ರದ ವೈರು ಕಳೆದರೂ ಅಟ್ಟದಲ್ಲಿ ಇನ್ನೊಂದು ಇದ್ದೇ ಇರುತ್ತದೆ ಎನ್ನುವುದು ನನಗೆ ಯಾಕೋ ತುಂಬ ಸಮಾಧಾನ ಕೊಟ್ಟಿತು.

ಮೊದಲ ರಾತ್ರಿ ನಲವತ್ತು ನಿಮಿಷ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಡಿಸ್ಕ್ ಡ್ರೈವ್ ಜೋಡಿಸಿದ್ದಕ್ಕೆ ಮೊದಲ ಸಲ ಇಂಟರ್ನೆಟ್ ಬೇಕು, ಆಮೇಲೆ ಯಂತ್ರದ ಅಪ್‌ಡೇಟ್, ಆಮೇಲೆ ಕಂಟ್ರೋಲರಿಗೂ ಒಂದು ಅಪ್‌ಡೇಟ್. ಡಿಸ್ಕ್ ಹಾಕಿದೆ: ಅದರಿಂದ ಒಳಗೆ ಕಾಪಿ ಆಗಬೇಕು, ಜೊತೆಗೆ ಹೊಸ ತಿದ್ದುಪಡಿಗಳು ಇಳಿಯಬೇಕು. ನೂರು ಜಿಬಿಯ ಆಟ ಪೂರ್ತಿ ಇಂಟರ್ನೆಟ್ಟಿನಿಂದಲೇ ಇಳಿಯಬೇಕೆಂದರೆ, 100 ಎಂಬಿಪಿಎಸ್ ಲೈನಿನಲ್ಲಿ ಎಲ್ಲ ಸುಸೂತ್ರವಾದರೂ ಎರಡು ಗಂಟೆ ಕಾಲು. ನಮ್ಮ ಲೈನು ರಾತ್ರಿ ಹೊತ್ತು ಅದರ ಅರ್ಧ ಕೊಟ್ಟರೆ ದೊಡ್ಡದು.

ಆದರೆ ಯಂತ್ರದೊಳಗೇ ಒಂದು ಆಟ ತುಂಬಿಸಿ ಕಳಿಸಿರುತ್ತಾರೆ: ಆಸ್ಟ್ರೋಸ್ ಪ್ಲೇರೂಮ್. ಅದನ್ನು ಹಾಕಿದ ಮೇಲೆ ಬೈಯುವುದನ್ನು ನಿಲ್ಲಿಸಿದೆ. ಪುಟಾಣಿ ರೋಬೋಟ್ ಮರಳಿನ ಮೇಲೆ ನಡೆದರೆ ಅಂಗೈಯಲ್ಲಿ ಮರಳು ಜರುಗಿದಂತೆ ಆಗುತ್ತದೆ. ಅದು ತಗಡಿನ ಮೇಲೆ ಹತ್ತಿದರೆ ಟಕಟಕ. ಮಳೆ ಹನಿ ಬಿದ್ದರೆ ಹನಿಹನಿಯೇ, ಎಡಗೈಗೊಂದು ಬಲಗೈಗೊಂದು. ಇನ್ನೊಂದು ಕಡೆ ಕಪ್ಪೆಯಂಥ ಸ್ಪ್ರಿಂಗ್ ವೇಷ ತೊಟ್ಟು ಹಾರಬೇಕು. ಟ್ರಿಗರ್ ಒತ್ತುತ್ತ ಹೋದಂತೆ ಬೆರಳಿಗೆ ನಿಜವಾದ ಸ್ಪ್ರಿಂಗಿನ ಹಾಗೆ ಎದುರೊತ್ತುತ್ತದೆ. ಹಳೇ ಕಂಟ್ರೋಲರುಗಳ ‘ಗುರ್’ ಎನ್ನುವ ಒಂದೇ ನಡುಕಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಕಂಟ್ರೋಲರ್ ಹಿಡಿಯ ಒರಟುತನ ಎಲ್ಲಿಂದ ಬಂತು ಎಂದು ಕನ್ನಡಕ ತೆಗೆದು ಕಣ್ಣ ಹತ್ತಿರ ಹಿಡಿದು ನೋಡಿದೆ. ಸಾವಿರಾರು ಸಣ್ಣ ಸಣ್ಣ ತ್ರಿಕೋನ, ವೃತ್ತ, ಕ್ರಾಸ್, ಚೌಕ, ರಾಗಿಕಾಳಿಗಿಂತ ಚಿಕ್ಕವು. ಯಾರೋ ಕೂತು ಇದನ್ನು ಯೋಚಿಸಿದ್ದಾರಲ್ಲ ಅನಿಸಿತು. ಮೂರರಲ್ಲಿ ‘ಹೊಸದೇನೋ ಕೊಂಡೆ’ ಎನಿಸಿದ್ದು ಇದೊಂದರಲ್ಲೇ. ಬ್ಯಾಟರಿ ಮಾತ್ರ ಒಳಗೇ ಇದೆ, ಎರಡು ಮೂರು ದಿನಕ್ಕೊಮ್ಮೆ ಚಾರ್ಜಿಗೆ ಹಾಕದಿದ್ದರೆ ಆಟದ ನಡುವೆ ಕೈಕೊಡುತ್ತದೆ.

ಸೀರೀಸ್ ಎಸ್ ಕಂಟ್ರೋಲರಿಗೆ ಹಾಕುವುದು ಎರಡು ಪೆನ್ಸಿಲ್ ಸೆಲ್. ಈ ಕಾಲದಲ್ಲಿ ಸೆಲ್ಲೇ ಎಂದು ನಾನೂ ನಕ್ಕಿದ್ದೆ. ಆದರೆ ಸೆಲ್ ಮುಗಿದರೆ ಎರಡು ಹೊಸದು ಹಾಕಿ ಅರ್ಧ ನಿಮಿಷದಲ್ಲಿ ಮತ್ತೆ ಆಡಬಹುದು, ವೈರು ಹುಡುಕಬೇಕಿಲ್ಲ. ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. ಒಂದು ಸಂಜೆ ಆನ್ ಮಾಡಿದರೆ ಕಂಟ್ರೋಲರ್ ಸತ್ತಿದೆ. ಬೆನ್ನು ತೆಗೆದರೆ ಒಂದೇ ಸೆಲ್ ಇದೆ. ಗೋಡೆ ಗಡಿಯಾರ ನಿಂತಿತ್ತೆಂದು ಅಮ್ಮ ಬಿಚ್ಚಿ ಹಾಕಿಕೊಂಡಿದ್ದಳು. ‘ರಾಹುಕಾಲ ಹೆಂಗೋ ತಿಳ್ಕೊಳ್ಳೋದು? ನಿನ್ನ ಆಟಕ್ಕೇನು ಅವಸರ’ ಎಂಬುದು ಅವಳ ವಾದ. ಆ ಡಿಸೈನ್ ಮಾಡಿದವರು ಹೀಗೊಂದು ಉಪಯೋಗ ಊಹಿಸಿರಲಾರರು.

ಈ ಅಮ್ಮನೇ ನನ್ನ ಇಡೀ ಹೋಲಿಕೆಯನ್ನು ತಲೆಕೆಳಗು ಮಾಡಿದ್ದು.

ಪಿಎಸ್5ರಲ್ಲಿ ರೆಸ್ಟ್ ಮೋಡ್ ಎಂದಿದೆ. ಪೂರ್ತಿ ಆರಿಸದೆ ಮಲಗಿಸಿಟ್ಟರೆ, ಮರುದಿನ ಎಬ್ಬಿಸಿದಾಗ ಆಟ ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುತ್ತದೆ. ಮೊಬೈಲಿನಲ್ಲಿ ಟೈಮ್ ಹಿಡಿದು ನೋಡಿದೆ: ಬಟನ್ ಒತ್ತಿ ಹದಿನೈದೇ ಸೆಕೆಂಡಿಗೆ ನನ್ನ ಕಾರು ಅದೇ ತಿರುವಿನಲ್ಲಿ. ನಲವತ್ತು ನಿಮಿಷದವನಿಗೆ ಇನ್ನೇನು ಬೇಕು? ಆದರೆ ಮಲಗಿರುವಾಗ ಯಂತ್ರದ ಮೇಲೆ ಕಿತ್ತಳೆ ಬಣ್ಣದ ಸಣ್ಣ ದೀಪ ಉರಿಯುತ್ತದೆ. ಧನುರ್ಮಾಸದ ಪೂಜೆಗೆ ಅಮ್ಮ ಏಳುವುದು ನಾಲ್ಕೂವರೆಗೆ. ಕತ್ತಲಲ್ಲಿ ಹಾಲಿಗೆ ಬಂದವಳಿಗೆ ಮೊದಲು ಕಾಣುವುದು ಆ ದೀಪ. ಗೋಡೆಯ ಸ್ವಿಚ್ ಟಕ್. ಮರುದಿನ ರಾತ್ರಿ ನಾನು ಕೂತರೆ, ಯಂತ್ರವನ್ನು ಸರಿಯಾಗಿ ಆಫ್ ಮಾಡಿಲ್ಲ ಎಂಬ ಸೂಚನೆ ಪರದೆಯ ಮೇಲೆ. ನಿಲ್ಲಿಸಿಟ್ಟ ಆಟ ಹೋಗಿರುತ್ತದೆ, ಕೊನೆಯ ಸೇವ್ ಎಲ್ಲಿತ್ತೋ ಅಲ್ಲಿಂದ ಶುರು. ಮೊದಲ ವಾರದಲ್ಲಿ ಮೂರು ಸಲ ಹೀಗಾಯಿತು. ಹೇಳಿದೆ. ‘ಉರೀತಿತ್ತಪ್ಪ, ಬಿಲ್ಲು ಯಾರು ಕಟ್ತಾರೆ’ ಎಂದಳು. ಹೇಳಿ ಪ್ರಯೋಜನವಿಲ್ಲ. ನಲವತ್ತು ವರ್ಷದಿಂದ ಮಲಗುವ ಮುಂಚೆ ಒಮ್ಮೆ, ಎದ್ದ ಮೇಲೆ ಒಮ್ಮೆ ಮನೆಯ ಸ್ವಿಚ್ಚುಗಳ ಪ್ರದಕ್ಷಿಣೆ ಹಾಕುವ ಕೈ ಅದು.

ಸೀರೀಸ್ ಎಸ್‌ನಲ್ಲಿ ಇದೇ ಕೆಲಸಕ್ಕೆ ಕ್ವಿಕ್ ರೆಸ್ಯೂಮ್ ಎನ್ನುತ್ತಾರೆ. ವ್ಯತ್ಯಾಸ ಇರುವುದು ಒಳಗೆ. ಆಟ ಬಿಟ್ಟು ಹೊರಬಂದಾಗ ಅದರ ಆ ಕ್ಷಣದ ಸ್ಥಿತಿಯನ್ನು ಇದು ಕರೆಂಟಿಲ್ಲದಿದ್ದರೂ ನೆನಪಿಡುವ ಎಸ್‌ಎಸ್‌ಡಿಗೇ ಬರೆದಿಟ್ಟುಬಿಡುತ್ತದೆ. ಒಂದಲ್ಲ, ಹಲವು ಆಟಗಳದ್ದು. ಹಾಗಾಗಿ ಪ್ಲಗ್ ಕಿತ್ತರೂ ಮರೆಯುವುದಿಲ್ಲ. ಅಮ್ಮ ನಾಲ್ಕೂವರೆಗೆ ಟಕ್ ಎನಿಸಲಿ, ರಾತ್ರಿ ಹತ್ತಕ್ಕೆ ನಾನು ಆನ್ ಮಾಡಿದರೆ ಪೂರ್ತಿ ಆರಿದ್ದು ಎದ್ದು, ಆಟ ಬಿಟ್ಟ ಜಾಗಕ್ಕೆ ಬಂದು ನಿಲ್ಲಲು ಅರ್ಧ ನಿಮಿಷ. ಪಿಎಸ್5ರ ಹದಿನೈದು ಸೆಕೆಂಡಿಗಿಂತ ನಿಧಾನವೇ. ಆದರೆ ನಮ್ಮನೆಯಲ್ಲಿ ಆ ಹದಿನೈದು ಸೆಕೆಂಡು ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯ. ಎಲ್ಲ ಆಟಗಳಿಗೂ ಇದು ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಆನ್‌ಲೈನ್‌ನಲ್ಲಿ ಬೇರೆಯವರೊಂದಿಗೆ ಆಡುವಂಥವು ಹೇಗೂ ಮತ್ತೆ ಸೇರಿಕೊಳ್ಳಬೇಕು. ಆಡುತ್ತಿರುವಾಗಲೇ ಕರೆಂಟು ಹೋದರೆ ಇದೂ ಉಳಿಸುವುದಿಲ್ಲ, ಬರೆದಿಡಲು ಅದಕ್ಕೆ ಪುರಸೊತ್ತೆಲ್ಲಿ. ಅಂಥ ಹೊತ್ತಿಗೆ ಇದರ ಇನ್ನೊಂದು ಗುಣ ನೆರವಿಗೆ ಬರುತ್ತದೆ: ಆಟದ ನಡುವೆಯೂ ಸುಮಾರು ಎಂಬತ್ತು ವ್ಯಾಟಿನ ಆಸುಪಾಸು ಎಳೆಯುವ ಯಂತ್ರ ಇದು, ಮನೆಯ ಇನ್ವರ್ಟರ್ ಮೇಲೆ ಟಿವಿ ಜೊತೆ ಆರಾಮವಾಗಿ ಓಡಿತು. ದೊಡ್ಡ ಆಟದಲ್ಲಿ ಇನ್ನೂರು ವ್ಯಾಟ್ ದಾಟುವ ಪಿಎಸ್5 ಅನ್ನು ಅದೇ ಪಾಯಿಂಟಿಗೆ ಹಾಕಲು ನನಗೆ ಧೈರ್ಯ ಬರಲಿಲ್ಲ.

ಹಾಗಾದರೆ ಅರ್ಧ ಶಕ್ತಿಯ ಯಂತ್ರದಲ್ಲಿ ಚಿತ್ರ ಮಂಕೇ? ಕಾಗದದ ಮೇಲೆ ಅಂತರ ದೊಡ್ಡದು. ಪಿಎಸ್5ಗೆ 16 ಜಿಬಿ ಮೆಮೊರಿ, ಇದಕ್ಕೆ 10. ಬಾಲ್ಡರ್ಸ್ ಗೇಟ್ 3 ಎಂಬ ದೊಡ್ಡ ಆಟ 2023ರಲ್ಲಿ ಎಕ್ಸ್‌ಬಾಕ್ಸಿಗೆ ತಡವಾಗಿ ಬಂದದ್ದಕ್ಕೆ ಕಾರಣವೇ ಈ ಚಿಕ್ಕ ಡಬ್ಬಿ. ಪರದೆ ಇಬ್ಭಾಗ ಮಾಡಿ ಇಬ್ಬರು ಆಡುವ ಸೌಲಭ್ಯ ಇದರಲ್ಲಿ ಓಡದೆ, ಕೊನೆಗೆ ಅದನ್ನು ಬಿಟ್ಟೇ ಬಿಡುಗಡೆ ಮಾಡಿದರು. ನಮ್ಮ 43 ಇಂಚಿನ 4ಕೆ ಟಿವಿಗೆ ಹತ್ತಡಿ ದೂರದ ಸೋಫಾದಿಂದ ನೋಡಿದರೆ, ಒಂದೇ ಫುಟ್‌ಬಾಲ್ ಆಟ ಎರಡರಲ್ಲೂ ಹಾಕಿದಾಗ ಹೆಂಡತಿಗೆ ಬೇರೆ ಕಾಣಲಿಲ್ಲ. ನನಗೆ ಕಂಡಿತು, ಐವತ್ತು ಸಾವಿರ ಕೊಟ್ಟಿದ್ದವನು ನಾನು.

ಸೀರೀಸ್ ಎಸ್‌ನ ನಿಜವಾದ ಕಿರಿಕಿರಿ ಜಾಗ. 512 ಜಿಬಿ ಎಂದರೂ ಆಟಗಳಿಗೆ ಉಳಿಯುವುದು 364. ದೊಡ್ಡವು ಮೂರು ಹಾಕುವಷ್ಟರಲ್ಲಿ ಭರ್ತಿ. ಹೆಚ್ಚಿಸಬೇಕೆಂದರೆ ಅದಕ್ಕೆಂದೇ ಮಾಡಿದ ಕಾರ್ಡ್ ಬೇಕು, ಅದು ಅಗ್ಗವಲ್ಲ. ಪಿಎಸ್5ರಲ್ಲಾದರೆ ಕವಚ ಕೈಯಿಂದಲೇ ಎಳೆದು ತೆಗೆದು, ಕಂಪ್ಯೂಟರಿಗೆ ಹಾಕುವ ಎಂ.2 ಎಸ್‌ಎಸ್‌ಡಿಯನ್ನೇ ಹಾಕಬಹುದು, ವೇಗದ್ದಾಗಿದ್ದರೆ ಸಾಕು.

ಇನ್ನೊಂದು, ಇದಕ್ಕೆ ಡಿಸ್ಕ್ ಇಲ್ಲ. ಈ ಒಂದು ಮಾತಿಗೇ ನಾನು ಪಿಎಸ್5 ಕಡೆ ವಾಲಿದ್ದು. ಹೊಸ ದೊಡ್ಡ ಆಟಕ್ಕೆ 4,999 ಎನ್ನುವ ಕಾಲದಲ್ಲಿ ಡಿಸ್ಕ್ ಎಂದರೆ ಅರ್ಧ ಬ್ಯಾಂಕು. ಆಡಿ ಮುಗಿಸಿ ಮಾರಬಹುದು, ಬದಲಾಯಿಸಿಕೊಳ್ಳಬಹುದು. ಪಿಎಸ್4ರ ಡಿಸ್ಕುಗಳೂ ಇದರಲ್ಲಿ ನಡೆಯುತ್ತವೆ. ಬೆಂಗಳೂರಿಗೆ ಹೋದಾಗ ವಿಜಯನಗರದ ಒಬ್ಬರಿಂದ ಎರಡು ಹಳೇ ಡಿಸ್ಕ್ ಸಾವಿರದ ಇನ್ನೂರಕ್ಕೆ ತಂದೆ, ಒಂದನ್ನು ಮುಗಿಸಿ ಅದೇ ರೇಟಿಗೆ ಇನ್ನೊಬ್ಬರಿಗೆ ದಾಟಿಸಿದೆ. ಸೀರೀಸ್ ಎಸ್ ಹುಡುಗನ ದಾರಿ ಬೇರೆ: ಗೇಮ್ ಪಾಸ್. ತಿಂಗಳಿಗಿಷ್ಟು ಕಟ್ಟಿದರೆ ನೂರಾರು ಆಟ. ಅವನು ಮಾತೆತ್ತಿದರೆ ‘ಬಿರಿಯಾನಿ ರೇಟಲ್ಲಿ ಮುನ್ನೂರು ಆಟ ಸರ್’ ಎನ್ನುತ್ತಿದ್ದ. 2025ರ ಅಕ್ಟೋಬರ್‌ನಲ್ಲಿ ಮೇಲ್ದರ್ಜೆಯದ್ದು 829ರಿಂದ 1,389 ರೂಪಾಯಿಗೆ ಹಾರಿದ ಮೇಲೆ ಆ ಮಾತು ನಿಂತಿದೆ. ಕೆಳಗಿನ ದರ್ಜೆಗಳೂ ಇವೆ. ಆದರೆ ನನ್ನ ಲೆಕ್ಕದಲ್ಲಿ ನೂರಾರು ಆಟ ಎನ್ನುವುದು ಮದುವೆ ಊಟದ ಎಲೆಯ ಹಾಗೆ: ಮೂರು ವಾರದಲ್ಲಿ ಹದಿನಾರು ಆಟ ರುಚಿ ನೋಡಿದೆ, ಒಂದನ್ನೂ ಮುಗಿಸಲಿಲ್ಲ. ಪಿಎಸ್5ರಲ್ಲಿ ಎರಡೇ ಡಿಸ್ಕ್ ಇದ್ದವು, ಒಂದು ಮುಗಿಯಿತು.

ಮೂರೂ ಒಟ್ಟಿಗೆ ಆಡುವವರಿಗೆ ಮಾತ್ರ ಬರುವ ಒಂದು ಕಾಯಿಲೆ ಇದೆ. ಪರದೆಯ ಮೇಲೆ ‘ಎಕ್ಸ್ ಒತ್ತಿ’ ಎಂದು ಬಂದರೆ ಬೆರಳು ಎಲ್ಲಿಗೆ ಹೋಗಬೇಕು? ಎಕ್ಸ್‌ಬಾಕ್ಸಿನಲ್ಲಿ ಎಕ್ಸ್ ಎಡಗಡೆ. ಸ್ವಿಚ್ಚಿನಲ್ಲಿ ಮೇಲೆ. ಪಿಎಸ್5ರಲ್ಲಿ ಅದೇ ಆಕಾರದ ಕ್ರಾಸ್ ಕೆಳಗೆ. ‘ಎ’ ಇನ್ನೂ ಮೋಸ: ಎಕ್ಸ್‌ಬಾಕ್ಸಿನಲ್ಲಿ ಕೆಳಗೆ, ಸ್ವಿಚ್ಚಿನಲ್ಲಿ ಬಲಕ್ಕೆ, ಅದೇ ಜಾಗದಲ್ಲಿ ಎಕ್ಸ್‌ಬಾಕ್ಸಿನವರು ‘ಬಿ’ ಇಟ್ಟಿದ್ದಾರೆ. ಹಾಗಾಗಿ ಒಂದರಲ್ಲಿ ‘ಸರಿ’ ಎಂದದ್ದು ಇನ್ನೊಂದರಲ್ಲಿ ‘ಬೇಡ’. ಎರಡನೇ ವಾರದಲ್ಲಿ ನಾನು ಸೇವ್ ಮಾಡಲು ಹೋಗಿ ಹೊರಬಂದದ್ದಕ್ಕೆ ಲೆಕ್ಕವಿಲ್ಲ. ಅಕ್ಕನ ಮಗ ನೋಡಿ ನೋಡಿ, ‘ಮಾಮ, ನೀನು ಅಕ್ಷರ ಓದ್ಬೇಡ, ಜಾಗ ನೋಡು’ ಎಂದ.

ಸ್ವಿಚ್ ಬಗ್ಗೆ ಹೇಳುವುದನ್ನು ಕೊನೆಗಿಟ್ಟಿದ್ದೇನೆ, ಯಾಕೆಂದರೆ ಇದು ನನ್ನ ಕೈಗೆ ಸಿಕ್ಕದ್ದೇ ಕಡಿಮೆ. ಮೂರರಲ್ಲಿ ಅತಿ ದುರ್ಬಲ ಯಂತ್ರ ಇದೇ. ಮೂಲ ಸ್ವಿಚ್ 2017ರ ಮಾರ್ಚ್‌ನದು. ಓಲೆಡ್ ಮಾದರಿ 2021ರಲ್ಲಿ ಬಂದರೂ ಬದಲಾದದ್ದು ಮುಖ್ಯವಾಗಿ ಏಳಿಂಚಿನ ಪರದೆ, ಹೊಟ್ಟೆ ಹಳೆಯದೇ. 2025ರ ಜೂನ್‌ನಲ್ಲಿ ಸ್ವಿಚ್ 2 ಬಂದು ಇದನ್ನು ಇನ್ನೂ ಹಳತು ಮಾಡಿತು. ಟಿವಿಗೆ ಹಾಕಿದರೆ ಚಿತ್ರದ ಸ್ಪಷ್ಟತೆ ಹೆಚ್ಚೆಂದರೆ 1080ಪಿ, 4ಕೆಗಿಂತ ಕಡಿಮೆ. ಪಿಎಸ್5 ನೋಡಿದ ಕಣ್ಣಿಗೆ ಅಂಚುಗಳೆಲ್ಲ ಮೆಟ್ಟಿಲು ಮೆಟ್ಟಿಲು. ಭಾರತಕ್ಕೆ ಇದರ ಆನ್‌ಲೈನ್ ಅಂಗಡಿಯೂ ಇಲ್ಲ, ಖಾತೆಯನ್ನು ಬೇರೆ ದೇಶದ್ದೆಂದು ಮಾಡಿಕೊಳ್ಳಬೇಕು. ಜಾಯ್‌ಕಾನ್ ಎಂಬ ಪಕ್ಕದ ಕಂಟ್ರೋಲರುಗಳ ಕಡ್ಡಿ ಮುಟ್ಟದೆಯೇ ವಾಲುವ ದೂರಂತೂ ಲೋಕಪ್ರಸಿದ್ಧ. 2020ರಲ್ಲಿ ನಿಂಟೆಂಡೊ ಅಧ್ಯಕ್ಷರೇ ಕ್ಷಮೆ ಕೇಳಿದ್ದರು.

ಆದರೂ ಸಂಜೆ ಆರರಿಂದ ಎಂಟರವರೆಗೆ ನಮ್ಮನೆ ಟಿವಿಯಲ್ಲಿ ಇದ್ದದ್ದು ಅದೇ. ಕಾರಣ ಸರಳ. ಪಕ್ಕದ ಎರಡು ತುಂಡು ಬಿಚ್ಚಿದರೆ ಅವೇ ಇಬ್ಬರಿಗೆ ಎರಡು ಕಂಟ್ರೋಲರ್. ಉಳಿದೆರಡಕ್ಕೆ ಇನ್ನೊಂದು ಕಂಟ್ರೋಲರ್ ಎಂದರೆ ಮತ್ತೆ ಐದಾರು ಸಾವಿರ. ಮಾರಿಯೋ ಕಾರ್ಟ್ 8 ಡಿಲಕ್ಸ್ ಎಂಬ ಕಾರ್ ರೇಸಿನ ಆಟ ಹಾಕಿದ ಅಕ್ಕನ ಮಗ ಒಂದನ್ನು ನನ್ನ ಮಗಳಿಗೆ, ಇನ್ನೊಂದನ್ನು ಅಜ್ಜಿಗೆ ಕೊಟ್ಟ. ಅಮ್ಮ ಪರದೆ ನೋಡಿದವಳೇ ‘ಇವನು ಆ ಮೀಸೆಯವನಲ್ವಾ, ನೀನು ಹೈಸ್ಕೂಲಲ್ಲಿದ್ದಾಗ ಕುಪ್ಪಳಿಸ್ತಿದ್ದ’ ಎಂದಳು. ಮುವ್ವತ್ತು ವರ್ಷದ ಗುರುತು. ಆಟದಲ್ಲಿ ಕಾರು ದಾರಿ ಬಿಟ್ಟು ಬೀಳದಂತೆ ತಾನೇ ತಿರುಗಿಸಿಕೊಡುವ ಸೌಲಭ್ಯ ಒಂದಿದೆ. ಅದನ್ನು ಹಾಕಿ, ಜಾಯ್‌ಕಾನನ್ನು ಸ್ಟೀರಿಂಗ್ ಹಾಗೆ ವಾಲಿಸುವಂತೆ ಮಾಡಿಕೊಟ್ಟರೆ ಒತ್ತಬೇಕಾದ ಬಟನ್ ಹೆಚ್ಚುಕಡಿಮೆ ಒಂದೇ. ಎಪ್ಪತ್ತೊಂದರ ಅಮ್ಮ ಮೊದಲ ರೇಸಿನಲ್ಲಿ ಹನ್ನೆರಡಕ್ಕೆ ಹನ್ನೊಂದನೆಯವಳಾದಳು. ಹನ್ನೆರಡನೆಯವನು ನಾನು, ನಡುವೆ ಮೊಮ್ಮಗಳ ಕಂಟ್ರೋಲರ್ ಇಸಿದುಕೊಂಡು ಎಕ್ಸ್ ಹುಡುಕುತ್ತಿದ್ದವನು.

ಆಟದ ಕಾರ್ಡು ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಹಾಕಿದರೆ ಟಿಕ್ ಎಂದು ಕೂರುತ್ತದೆ, ಹೆಚ್ಚಿನವು ಕೂಡಲೇ ಶುರು. ‘ನೆಕ್ಕಿ ನೋಡು ಮಾಮ’ ಎಂದ ಹುಡುಗ. ನೆಕ್ಕಿದೆ. ಹಾಗಲಕಾಯಿಯನ್ನು ಬೇವಿನ ರಸದಲ್ಲಿ ಅರೆದ ಹಾಗೆ, ಊಟದವರೆಗೂ ಬಾಯಿಂದ ಹೋಗಲಿಲ್ಲ. ಮಕ್ಕಳು ನುಂಗಬಾರದೆಂದು ಡೆನಟೋನಿಯಂ ಬೆಂಜೊಯೇಟ್ ಎಂಬ ಕಡುಕಹಿ ಲೇಪಿಸಿರುತ್ತಾರಂತೆ. ಅಮ್ಮನಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ‘ಮಕ್ಕಳಿಗೆ ಹಾಲು ಬಿಡಿಸೋಕೆ ನಾವು ಬೇವಿನೆಣ್ಣೆ ಹಚ್ತಿರ್ಲಿಲ್ವೇ’ ಎಂದು ಕಾಫಿ ಕೊಟ್ಟಳು.

ಗೋಡೆ ಸ್ವಿಚ್ಚಿನ ಪರೀಕ್ಷೆಯಲ್ಲಿ ಇದು ಪ್ರಶ್ನೆಯೇ ಇಲ್ಲದೆ ಪಾಸು, ಬ್ಯಾಟರಿ ಒಳಗೇ ಇದೆ. ರೇಸಿನ ಮಧ್ಯೆ ಒಂದು ದಿನ ಕರೆಂಟು ಹೋದಾಗ, ಟಿವಿಗೆ ಜೋಡಿಸಲು ಕೂರಿಸುವ ಡಾಕಿನಿಂದ ಎತ್ತಿಕೊಂಡು ಚಾಪೆ ಮೇಲೆ ಕಾಲೂರಿಸಿ ನಿಲ್ಲಿಸಿದರು, ಅಜ್ಜಿ ಮೊಮ್ಮಕ್ಕಳು ಮೂರು ತಲೆ ಏಳಿಂಚಿನ ಪರದೆ ಮೇಲೆ ಬಾಗಿದವು. ಇನ್ವರ್ಟರ್ ಇರುವುದು ಅವರಿಗೆ ನೆನಪೇ ಆಗಲಿಲ್ಲ.

ನನಗೇನು ಬೇಕಿತ್ತು ಎಂದು ಈಗ ಯಾರಾದರೂ ಕೇಳಿದರೆ: ಒಬ್ಬನೇ ಕೂತು, ಒಂದು ದೊಡ್ಡ ಆಟವನ್ನು ನಿಧಾನಕ್ಕೆ ಮುಗಿಸಿ, ಡಿಸ್ಕ್ ಮಾರುವವರಿಗೆ ಪಿಎಸ್5. ಅದನ್ನು ಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಆ ಕಂಟ್ರೋಲರ್ ಒಂದಕ್ಕೇ ಅರ್ಧ ದುಡ್ಡು ಸಂದಿದೆ. ಆದರೆ ಡಿಸೆಂಬರಿನ ವಾರದ ದಿನಗಳಲ್ಲಿ ರಾತ್ರಿ ಹತ್ತಕ್ಕೆ ಕೈ ತಾನಾಗಿ ಹೋಗುತ್ತಿದ್ದದ್ದು ಪರರ ಸೀರೀಸ್ ಎಸ್ ಕಡೆಗೆ. ಮನೆಮಂದಿಗೆಂದು ಕೊಳ್ಳುವವರು ಇವೆರಡನ್ನೂ ಬಿಟ್ಟು, ಸಿಂಗಪುರವೋ ದುಬೈಯೋ ಎಲ್ಲಾದರೂ ಇರುವ ನೆಂಟರಿಗೆ ಫೋನ್ ಮಾಡುವುದು ಒಳ್ಳೆಯದು.

ಹೊಸ ವರ್ಷದ ಮೊದಲ ಸೋಮವಾರ ಆಫೀಸಿನ ಹುಡುಗ ಧಾರವಾಡ ಪೇಡದ ಡಬ್ಬಿ ಹಿಡಿದು ಬಂದ. ಯಂತ್ರ, ವೈರು ಎಲ್ಲ ಬ್ಯಾಗಿಗೆ ಹಾಕಿಕೊಂಡ. ಕಂಟ್ರೋಲರ್ ಕೈಯಲ್ಲಿ ತೂಗಿ ನೋಡಿ, ಹಗುರ ಅನಿಸಿತೇನೋ, ಬೆನ್ನು ತೆಗೆದ. ಒಂದು ಸೆಲ್ ಇರಲಿಲ್ಲ. ‘ಸರ್, ಇನ್ನೊಂದು?’ ಎಂದ. ನಾನು ಏನೂ ಹೇಳದೆ ಗೋಡೆ ಕಡೆ ನೋಡಿದೆ. ಅವನೂ ನೋಡಿದ. ಏಳೂ ನಲವತ್ತು, ಟೈಮ್ ಸರಿಯಾಗಿತ್ತು.